ಕಹಿಬಳ್ಳಿಯ ಮೇಲೆ ಬಂದ ಅಪವಾದ

"ನಾನು ಸಹಿ ಹಾಕಲ್ಲ ಸಾರ್. ಬೇಕಾದ್ರೆ ಕೆಲಸದಿಂದ ತೆಗೆದು ಹಾಕ್ಲಿ."

ಬಾಗಿಲು ತೆಗೆದವರಿಗೆ ನಮಸ್ಕಾರವನ್ನೂ ಹೇಳದೆ ಆಕೆ ಆಡಿದ ಮೊದಲ ಮಾತು ಅದು.

ಒಳಗೆ ಮಾವ, ಅಳಿಯ ಚದುರಂಗ ಆಡುತ್ತಿದ್ದರು. ಅಳಿಯ ಇನ್ನೇನು ಸೋಲುವುದರಲ್ಲಿದ್ದ. ಹಾಗಾಗಿ ಬಂದವರು ಯಾರಾದರೂ ಅವನ ಪಾಲಿಗೆ ದೇವರೇ. ಮಾವ ರಸಾಯನಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೆ ಊರವರಿಗೆ ಬಿಡಿಸಲಾಗದ ಗಂಟುಗಳನ್ನು ಬಿಡಿಸುವುದೇ ಅವರ ಕಸುಬಾಗಿತ್ತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಅಳಿಯ ಪ್ರತಿ ಸಲವೂ 'ಇದೇ ಕೊನೆ' ಎನ್ನುತ್ತಲೇ ಅವರ ಬೆನ್ನು ಹತ್ತುತ್ತಿದ್ದ. "ನೀವು ಮದುವೆ ಆಗಿದ್ದು ನನ್ನನ್ನೋ ನಮ್ಮಪ್ಪನನ್ನೋ?" ಎಂದು ಹೆಂಡತಿ ಕೇಳುವುದೂ ಹಳೆಯ ಮಾತಾಗಿತ್ತು.

"ಮೊದಲು ಕೂತ್ಕೊಳಮ್ಮ," ಎಂದರು ಮಾವ. ಆಕೆ ಅವರ ಹಳೆಯ ವಿದ್ಯಾರ್ಥಿನಿ. ಈಗ ಊರಿನ ದೊಡ್ಡಾಸ್ಪತ್ರೆಗೆ ಸೇರಿದ ಪ್ರಯೋಗಾಲಯದಲ್ಲಿ ಸಂಶೋಧಕಿ. ಬೇಲಿಯ ಮೇಲೆ ಹಬ್ಬುವ ಕಹಿಬಳ್ಳಿಯ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರಿಂದ ಎಲ್ಲರ ಬಾಯಲ್ಲೂ 'ಬಳ್ಳಿಯಕ್ಕ' ಆಗಿದ್ದಳು.

"ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ ಸಾರ್, ಕುಡಿತ ಲಿವರನ್ನ ಹೆಚ್ಚುಕಮ್ಮಿ ಹಾಗೇ ಕೆಡಿಸುತ್ತೆ. ಈ ಎಲೇಲಿರೋ ಆಂಟಿಆಕ್ಸಿಡೆಂಟು ಆ ತುಕ್ಕನ್ನ ತನ್ನ ಮೈಮೇಲೆ ಎಳ್ಕೊಳ್ಳುತ್ತೆ. ಮೊದಲನೇ ಸಲ ಇಲಿಗಳಲ್ಲಿ ಚೆನ್ನಾಗಿ ಕಂಡಿತ್ತು. ಎರಡನೇ ಸಲ ಮದ್ಯದ ಜೊತೆ ಎಲೆ ರಸ ಕುಡಿದ ಇಲಿಗಳೆಲ್ಲ ಸತ್ತೋದ್ವು. ಬರೀ ಮದ್ಯ ಕುಡಿದವು ಬದುಕಿವೆ! ಎಲೆನೇ ವಿಷ, ನನ್ನ ಮೊದಲನೇ ಫಲಿತಾಂಶ ಸುಳ್ಳು ಅಂತ ಒಪ್ಪಿ ಸಹಿ ಹಾಕು ಅಂತಿದ್ದಾರೆ ನಿರ್ದೇಶಕರು."

"ಎಲೆ ವಿಷ ಇರಬಹುದಲ್ಲ?" ಎಂದು ಮಾವ ಕೇಳಿದರು.

"ಇದ್ರೆ ನಾನೇ ಊರಿಗೆಲ್ಲ ಸಾರ್ತೀನಿ. ಆದ್ರೆ ಹೆದರಿಕೊಂಡು ಒಪ್ಪಲ್ಲ."

ಮಾವ ಎದ್ದು ಅಂಗಿ ಹಾಕಿಕೊಂಡರು. ಗೆಲ್ಲುವ ಆಟ ಬಿಟ್ಟು ಅವರು ಎದ್ದದ್ದನ್ನು ಅಳಿಯ ಅದೇ ಮೊದಲು ನೋಡಿದ್ದು.

ಪ್ರಯೋಗಾಲಯಕ್ಕೆ ದಾರಿ ಆಸ್ಪತ್ರೆಯ ಲಿವರ್ ವಾರ್ಡಿನ ಮುಂದೆಯೇ ಹಾದುಹೋಗುತ್ತಿತ್ತು. ಹಳದಿ ಕಣ್ಣಿನ ಗಂಡಸರು ಮಂಚಗಳ ಮೇಲೆ ಮಲಗಿದ್ದರು. ಗೋಡೆಯ ಮೇಲೆ ಕೈಬರಹದ ಫಲಕವೊಂದಿತ್ತು: 'ಕುಡಿಯುವ ಅಭ್ಯಾಸವಿದ್ದವರು ನನ್ನನ್ನು ಕೇಳದೆ ಜ್ವರದ ಮಾತ್ರೆ ನುಂಗಬೇಡಿ.' ಒಂದು ಒತ್ತಕ್ಷರವೂ ತಪ್ಪಿಲ್ಲದ ಬರಹ. ಕರಡು ತಿದ್ದುವ ಅಳಿಯನಿಗೆ ಬರೆದವರ ಮೇಲೆ ಗೌರವ ಹುಟ್ಟಿತು.

ಬರೆದವರು ವಾರ್ಡಿನ ಹಿರಿಯ ಡಾಕ್ಟರು. ನರೆತ ತಲೆ, ಮೆಲುದನಿ. ಸತ್ತ ಇಲಿಗಳ ಲಿವರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಕೊಟ್ಟವರೂ ಅವರೇ. ಅವರ ವಾರ್ಡಿನ ರಕ್ತದ ಮಾದರಿಗಳೂ ಬಳ್ಳಿಯಕ್ಕನ ಎಲೆ ರಸವೂ ಇಲಿಗಳ ಕೋಣೆಯ ಒಂದೇ ಫ್ರಿಜ್ಜಿನಲ್ಲಿ ಇರುತ್ತಿದ್ದವು.

"ನನಗೂ ಬೇಜಾರಾಗಿದೆ ಮೇಷ್ಟ್ರೇ. ಈ ಹುಡುಗಿ ಶ್ರಮ ನಾನು ನೋಡಿದೀನಿ," ಎಂದರು ಅವರು. "ಆದ್ರೆ ಕಣ್ಣಿಗೆ ಕಂಡಿದ್ದನ್ನ ಬರೀಲೇಬೇಕಲ್ಲ. ಮದ್ಯ ಮಾಡೋ ಹಾನೀನೇ ಎಲೆ ನೂರುಪಟ್ಟು ಮಾಡಿದೆ."

ನಿರ್ದೇಶಕರು ಇಲಿಗಳ ಕೋಣೆಯ ಹೊರಗೇ ಕರವಸ್ತ್ರ ಹಿಡಿದು ನಿಂತರು. ಇಲಿಯ ವಾಸನೆ ಬಡಿದರೆ ಅವರಿಗೆ ಸೀನು ನಿಲ್ಲುತ್ತಿರಲಿಲ್ಲ. ಅಲ್ಲಿಂದಲೇ ಕೂಗಿದರು: "ಸತ್ತಿದ್ದನ್ನೆಲ್ಲ ಸುಡಿಸಿಬಿಟ್ವಿ. ಸೋಂಕು ಹರಡುತ್ತೆ ಅಂದ್ರು. ಉಳಿದ ಎಲೆ ರಸದ ಬಾಟಲೀನ ಹೊರಗೆ ತರಿಸಿ ನಾನೇ ಮೊಹರು ಹಾಕಿದೀನಿ. ನಾಳೆ ಸಾಕ್ಷಿ ಬೇಕಾಗುತ್ತಲ್ಲ, ಆಕ್ಷಿ!"

ಒಳಗೆ ಬಳ್ಳಿಯಕ್ಕನ ಸಹಾಯಕ ಪಂಜರ ತೊಳೆಯುತ್ತಿದ್ದ. ಸಿಡುಕು ಮೋರೆಯ ಯುವಕ. ಪ್ರಬಂಧದಲ್ಲಿ ತನ್ನ ಹೆಸರನ್ನು ಕೊನೆಗೆ ಹಾಕಿದಳೆಂದು ಆಕೆಯ ಜೊತೆ ಜಗಳವಾಡಿದ್ದು ಎಲ್ಲರಿಗೂ ಗೊತ್ತಿತ್ತು. ಇಲಿಗಳಿಗೆ ದಿನಾ ರಸ ಕುಡಿಸುತ್ತಿದ್ದವನೂ ಅವನೇ.

"ಇವು ಯಾವ ಇಲಿಗಳಪ್ಪ?" ಮಾವ ಒಂದು ಪಂಜರದ ಮುಂದೆ ಬಗ್ಗಿದರು. ಒಳಗಿನ ಇಲಿಗಳು ಒಂದರ ಮೇಲೊಂದು ಹತ್ತಿ ಕುಣಿಯುತ್ತಿದ್ದವು.

"ಎಲೆ ರಸ ಮಾತ್ರ ಕುಡಿದವು ಸಾರ್. ಮದ್ಯ ಇಲ್ಲ."

"ಸತ್ತವಕ್ಕೂ ಇವಕ್ಕೂ ಒಂದೇ ಬಾಟಲಿಯ ರಸಾನಾ?"

"ಒಂದೇ ಬಾಟಲಿ, ಒಂದೇ ಅಳತೆ."

ಮಾವ ಮೀಸೆ ಸವರಿಕೊಂಡರು. ಸಹಾಯಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಾರ್, ಎಲ್ಲಾ ಸುಟ್ಟಿಲ್ಲ. ಲಿವರಿನ ಚೂರು ಸ್ವಲ್ಪ ಎತ್ತಿಟ್ಟಿದೀನಿ. ಅಕ್ಕನ ಜೊತೆ ಜಗಳ ಆಡಿರಬಹುದು. ಅಷ್ಟಕ್ಕೇ ಕೆಲಸಕ್ಕೆ ದ್ರೋಹ ಮಾಡೋನಲ್ಲ ನಾನು."

ಮೊಹರು ಹಾಕಿದ ಬಾಟಲಿಯಿಂದ ನಿರ್ದೇಶಕರ ಎದುರಿಗೇ ಒಂದಿಷ್ಟು ರಸ ತೆಗೆದುಕೊಂಡದ್ದಾಯಿತು. ಬಳ್ಳಿಯಕ್ಕ ಬೇಲಿಯಿಂದ ಹೊಸ ಎಲೆ ಕಿತ್ತು ಅರೆದು ರಸ ಮಾಡಿಕೊಟ್ಟಳು. ಮಾವ ತಮ್ಮ ಹಳೆಯ ಶಾಲೆಯ ಪ್ರಯೋಗದ ಕೋಣೆಗೆ ಹೋಗಿ ಕೂತರು. ಮೊದಲು ಎರಡು ರಸಕ್ಕೂ ಯಾವುದೋ ಹಳದಿ ದ್ರಾವಣ ಬಿಟ್ಟರು. ಎರಡೂ ಒಂದೇ ಥರ ಕಪ್ಪಾದವು.

"ಏನೂ ಇಲ್ಲ ಅಂತಾಯ್ತು," ಎಂದ ಅಳಿಯ.

"ಹಾಗಲ್ಲ ಅಳಿಯಂದ್ರೇ. ಎಲೇಲಿರೋ ಒಳ್ಳೆ ವಸ್ತುಗಳೇ ಇದಕ್ಕೆ ಬಣ್ಣ ಕೊಡ್ತಾವೆ. ಜಾತ್ರೆಯಷ್ಟು ಜನ ಇರೋ ಕಡೆ ಕಳ್ಳ ಹೊಕ್ಕಿದ್ರೆ ತಲೆ ಎಣಿಸಿ ಏನು ಪ್ರಯೋಜನ? ಒಬ್ಬೊಬ್ಬರನ್ನೇ ಬೇರೆ ಮಾಡ್ಬೇಕು."

ರಸದ ಚುಕ್ಕೆಗಳನ್ನು ಕಾಗದದ ಪಟ್ಟಿಗಳ ಮೇಲೆ ಇಟ್ಟು, ತುದಿಯನ್ನು ದ್ರಾವಣದಲ್ಲಿ ಅದ್ದಿ ನಿಲ್ಲಿಸಿದರು. ದ್ರಾವಣ ಮೇಲೇರುತ್ತ ಒಳಗಿದ್ದ ವಸ್ತುಗಳನ್ನು ಒಂದೊಂದು ಎತ್ತರದಲ್ಲಿ ಬಿಟ್ಟುಹೋಯಿತು. ನೇರಳೆ ದೀಪದ ಕೆಳಗೆ ಹಿಡಿದಾಗ ಬಾಟಲಿಯ ರಸದ ಪಟ್ಟಿಯಲ್ಲಿ ಒಂದು ಕಪ್ಪು ಚುಕ್ಕೆ ಹೆಚ್ಚಿಗೆ ಇತ್ತು. ಮಾವ ಜೇಬಿನಿಂದ ಮಾತ್ರೆಯೊಂದನ್ನು ತೆಗೆದು ಪುಡಿಮಾಡಿ ಇನ್ನೊಂದು ಪಟ್ಟಿಯನ್ನು ನಿಲ್ಲಿಸಿದರು. ಅದರ ಚುಕ್ಕೆಯೂ ಅದೇ ಎತ್ತರಕ್ಕೆ ಬಂದು ನಿಂತಿತು.

ಅಳಿಯ ಮಾತ್ರೆಯ ಪೊಟ್ಟಣ ನೋಡಿದ. ಮನೆಮನೆಯಲ್ಲೂ ಇರುವ ಜ್ವರದ ಮಾತ್ರೆ.

"ಇದನ್ನ ಗಟ್ಟಿಮಾಡೋಕೆ ಔಷಧ ಪರೀಕ್ಷೆ ಮಾಡೋ ನನ್ನ ಶಿಷ್ಯನಿಗೂ ಕಳಿಸ್ತೀನಿ," ಎಂದರು ಮಾವ. ಸಹಾಯಕ ಎತ್ತಿಟ್ಟಿದ್ದ ಚೂರುಗಳು ಬೇರೆ ಊರಿನ ಲಿವರ್ ತಜ್ಞೆಯೊಬ್ಬರಿಗೆ ಹೋದವು. ಎರಡೂ ಕಡೆಯಿಂದ ಉತ್ತರ ಬಂದ ದಿನ ಮಾವ ಎಲ್ಲರನ್ನೂ ಪ್ರಯೋಗಾಲಯದ ಸಭೆಯ ಕೋಣೆಗೆ ಕರೆಸಿದರು.

ಉದ್ದನೆಯ ಮೇಜಿನ ಒಂದು ಕಡೆ ನಿರ್ದೇಶಕರು ಮತ್ತು ಡಾಕ್ಟರು, ಇನ್ನೊಂದು ಕಡೆ ಸಹಾಯಕ. ಬಳ್ಳಿಯಕ್ಕ ಕೂರಲಿಲ್ಲ. ಕಿಟಕಿಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಂತಳು.

"ಎಲೆ ಯಾರನ್ನೂ ಕೊಂದಿಲ್ಲ," ಎಂದು ಮಾವ ಶುರುಮಾಡಿದರು. "ಅದೇ ರಸ ಕುಡಿದ ಇನ್ನೊಂದು ಪಂಜರದ ಇಲಿಗಳು ಕುಣೀತಾ ಇವೆ. ಹಾಗಾದ್ರೆ ಎಲೆ, ಮದ್ಯ ಎರಡೂ ಸೇರಿದಾಗ ವಿಷ ಆಯ್ತಾ? ಮೊದಲನೇ ಸಲ ಆಗಿರ್ಲಿಲ್ಲ. ಅಂದ್ಮೇಲೆ ಬಾಟಲಿಗೆ ಹೊಸದೇನೋ ಸೇರಿದೆ. ಗಟ್ಟಿ ಲಿವರಿಗೆ ಅದು ಏನೂ ಮಾಡ್ಬಾರ್ದು, ಕುಡಿದು ಸೋತ ಲಿವರನ್ನ ಮಾತ್ರ ಕೆಡವಬೇಕು. ಅದೇ ಜ್ವರದ ಮಾತ್ರೆ. ವಾರ್ಡಿನ ಫಲಕ ಓದಿದಾಗಲೇ ಹೊಳೀತು, ನನ್ನ ಶಿಷ್ಯನ ಪರೀಕ್ಷೇಲೂ ಅದೇ ಸಿಕ್ತು. ಲಿವರಿಗೆ ತನ್ನದೇ ಒಂದು ಕಾವಲು ಇರುತ್ತೆ. ಕುಡಿತ ಆ ಕಾವಲನ್ನ ಬರಿದು ಮಾಡಿರುತ್ತೆ. ಅಂಥ ಹೊತ್ತಲ್ಲಿ ಅತಿಯಾಗಿ ಮಾತ್ರೆ ಬಿದ್ರೆ ಮುಗೀತು."

ನಿರ್ದೇಶಕರು ಸಹಾಯಕನ ಕಡೆ ತಿರುಗಿದರು. "ರಸ ಕುಡಿಸ್ತಿದ್ದೋನು ನೀನೇ ಅಲ್ವಾ?"

"ತಡೀರಿ," ಎಂದರು ಮಾವ. "ಅವನೇ ಮಾಡಿದ್ರೆ ಸುಡೋ ಅಪ್ಪಣೆ ಬಂದಾಗ ಖುಷಿಯಾಗಿ ಸುಡ್ತಿದ್ದ, ಚೂರು ಎತ್ತಿಡ್ತಿರ್ಲಿಲ್ಲ. ನೀವೂ ಅಲ್ಲ. ಫ್ರಿಜ್ಜಿರೋ ಇಲಿ ಕೋಣೆ ಹೊಸಿಲು ದಾಟಿದ್ರೆ ನಿಮ್ಮ ಸೀನು ಊರಿಗೆಲ್ಲ ಕೇಳ್ತಿತ್ತು. ಈಗ ಹೇಳಿ, ಸೋಂಕು ಹರಡುತ್ತೆ, ಸುಡಿಸಿ ಅಂದೋರು ಯಾರು?"

ನಿರ್ದೇಶಕರು ಬಾಯಿ ತೆರೆದು, ಪಕ್ಕಕ್ಕೆ ನೋಡಿ, ಮೆಲ್ಲಗೆ ಅಂದರು: "ಡಾಕ್ಟರು."

"ಎಲೆ ವಿಷದಿಂದ ಸತ್ತಿವೆ ಅಂತ ವರದಿ. ವಿಷಕ್ಕೆ ಸೋಂಕು ಎಲ್ಲಿಂದ ಬಂತು?" ಮಾವ ಡಾಕ್ಟರ ಕಡೆ ತಿರುಗಿದರು. "ರಸ ಇದ್ದ ಫ್ರಿಜ್ಜನ್ನ ರಕ್ತದ ಮಾದರಿಗೆ ಅಂತ ನೀವೂ ತೆಗೀತಿದ್ರಿ. ಕುಡಿತ ಕೆಡಿಸಿದ ಲಿವರಲ್ಲಿ ಕೊಬ್ಬು ತುಂಬಿರುತ್ತೆ. ಈ ಮಾತ್ರೆ ಕೆಡಿಸಿದ ಲಿವರಲ್ಲಿ ನಡುವಿನ ರಕ್ತನಾಳಗಳ ಸುತ್ತ ಜೀವಕೋಶಗಳೇ ಸತ್ತಿರುತ್ತವೆ. ಬೇರೆ ಊರಿನ ತಜ್ಞೆ ನೋಡಿದ ಕೂಡಲೇ ಗುರುತು ಹಿಡಿದ್ರು. ವರ್ಷಾವರ್ಷ ಅದನ್ನ ಪಾಠ ಮಾಡೋ ನಿಮಗೆ ಕಾಣಲಿಲ್ವಾ? ಗೊತ್ತಿಲ್ಲದೋರು ಹಾಗೆ ಬರೆದ್ರೆ ತಪ್ಪು ಅಂತೀನಿ. ಗೊತ್ತಿದ್ದೋರು ಬರೆದ್ರೆ ಅದು ಸುಳ್ಳು."

ಅಳಿಯನ ಕಣ್ಣ ಮುಂದೆ ಆ ಅಚ್ಚುಕಟ್ಟಾದ ಫಲಕ ಬಂದು ಹೋಯಿತು. ತಪ್ಪೇ ಮಾಡದ ಕೈ ಅದು ಎಂದುಕೊಂಡಿದ್ದ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ತಮ್ಮ ಕುಡಿದು ಸತ್ತ," ಎಂದರು. "ಅದೇ ವಾರ್ಡಲ್ಲಿ, ನನ್ನ ಕೈಯಲ್ಲೇ. ಪ್ರತಿ ಸಲ ಬಿಡ್ತೀನಿ ಅಣ್ಣಾ ಅಂತಿದ್ದ. ಹೆದರಿಕೆ ಒಂದೇ ಅವನನ್ನ ಸ್ವಲ್ಪ ದಿನ ತಡೀತಿತ್ತು. ನಾಳೆ ಈ ಎಲೇನ ಮಾತ್ರೆ ಮಾಡಿ, ಇದನ್ನ ನುಂಗಿ ಎಷ್ಟು ಬೇಕಾದ್ರೂ ಕುಡೀರಿ ಅಂತ ಮಾರ್ತಾರೆ. ಆ ಹೆದರಿಕೇನೂ ಹೋಗುತ್ತೆ. ನನ್ನ ವಾರ್ಡು ತುಂಬಿ ಬೀದಿಗೆ ಬರುತ್ತೆ. ಹಾಗಾಗಬಾರ್ದು ಅಂತಲೇ ಮಾಡಿದೆ."

ಅಳಿಯನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಲಿಲ್ಲವಲ್ಲ ಎಂದು ತನ್ನ ಮೇಲೆಯೇ ಬಂತು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಇದು ನಾಲ್ಕು ಗೋಡೆ ಮಧ್ಯೆನೇ ಇರಲಿ. ಹೊರಗೆ ಗೊತ್ತಾದ್ರೆ ಸಂಸ್ಥೆ ಮರ್ಯಾದೆ..."

"ಇಲ್ಲ." ಬಳ್ಳಿಯಕ್ಕ ಕಿಟಕಿ ಬಿಟ್ಟು ಮುಂದೆ ಬಂದಳು. "ನಡೆದಿದ್ದನ್ನೆಲ್ಲ ನಡೆದ ಹಾಗೇ ಬರೀತೀನಿ. ಅಚ್ಚು ಹಾಕೋರು ಸಿಗದಿದ್ರೆ ಗೇಟಿಗೆ ಅಂಟಿಸ್ತೀನಿ." ಆಮೇಲೆ ಡಾಕ್ಟರ ಎದುರು ನಿಂತಳು. "ಸಾರ್, ನಿಮ್ಮ ಹೆದರಿಕೆ ಸುಳ್ಳಲ್ಲ. ಹಾಗೆ ಮಾರೋರು ಬಂದ್ರೆ ಅವರ ಮುಂದೇನೂ ಹೀಗೇ ನಿಲ್ತೀನಿ. ಇಲೀಲಿ ಕಂಡಿದ್ದು ಮನುಷ್ಯರಲ್ಲಿ ಕಾಣುತ್ತೆ ಅಂತ ನಾನು ಯಾವತ್ತೂ ಹೇಳಿಲ್ಲ. ಕುಡಿಯೋದು ಬಿಡೋದಕ್ಕಿಂತ ದೊಡ್ಡ ಮದ್ದಿದೆ ಅಂತಲೂ ಹೇಳಲ್ಲ. ಆದ್ರೆ ಬಿಟ್ಟ ಮೇಲೂ ಹಾಳಾದ ಲಿವರ್ ಹೊತ್ಕೊಂಡು ಬದುಕ್ತಾರಲ್ಲ, ಅವರಿಗೇನಾದ್ರೂ ಸಿಗುತ್ತಾ ಅಂತ ಹುಡುಕೋದು ತಪ್ಪಾ? ಸುಳ್ಳು ಹೇಳಿ ಹೆದರಿಸಿದ್ರೆ, ನಾಳೆ ನೀವು ನಿಜ ಹೇಳಿದಾಗ ಯಾರು ನಂಬ್ತಾರೆ?"

ಡಾಕ್ಟರು ಕನ್ನಡಕ ಎತ್ತಿಕೊಂಡು ಹೊರಗೆ ನಡೆದರು. ಮರುದಿನ ತಮ್ಮ ಕೈಯಾರೆ ತಪ್ಪೊಪ್ಪಿಗೆ ಬರೆದು ಕೆಲಸ ಬಿಟ್ಟರು. ಸಂಸ್ಥೆಯ ಮರ್ಯಾದೆ ಹೋಗುವಷ್ಟು ಹೋಯಿತು, ಆಮೇಲೆ ಮೆಲ್ಲಗೆ ಹಿಂದಿರುಗಿತು.

ಬಳ್ಳಿಯಕ್ಕ ಹೊಸ ಇಲಿಗಳನ್ನು ತಂದು ಮೊದಲಿನಿಂದ ಶುರುಮಾಡಿದಳು. ಪ್ರಯೋಗ ಮುಗಿದಾಗ ಬೇರೆ ಊರಿನ ತಜ್ಞೆ ವರದಿ ಕೊಟ್ಟರು. ಅಷ್ಟು ಸಾಲದೆಂದು ಆಕೆ ಇಲಿಗಳ ಲಿವರಿನ ತೆಳು ಚೂರುಗಳನ್ನು ಅಂಟಿಸಿದ ಗಾಜಿನ ಪಟ್ಟಿಗಳ ಪೆಟ್ಟಿಗೆಯನ್ನು ಹೊತ್ತುಕೊಂಡು ಡಾಕ್ಟರ ಮನೆಗೇ ಹೋದಳು. ಮಾವ, ಅಳಿಯ ಜೊತೆಗಿದ್ದರು.

"ಯಾವುದು ಎಲೆ ಕುಡಿದ ಇಲೀದು, ಯಾವುದು ಅಲ್ಲ ಅಂತ ಎಲ್ಲೂ ಬರೆದಿಲ್ಲ ಸಾರ್. ನೀವೇ ನೋಡಿ. ಕಂಡಿದ್ದನ್ನ ಹೇಳಿ."

ಡಾಕ್ಟರು ಬಾಗಿಲಿನಿಂದ ಸರಿದು ಅವರನ್ನು ಒಳಗೆ ಬಿಟ್ಟುಕೊಂಡರು. ಆಮೇಲೆ ಸೂಕ್ಷ್ಮದರ್ಶಕದ ಮುಸುಕು ತೆಗೆದು ಕೂತರು. ಒಂದೊಂದೇ ಪಟ್ಟಿ ನೋಡಿ ಎಡಕ್ಕೊಂದು, ಬಲಕ್ಕೊಂದು ಬೇರ್ಪಡಿಸುತ್ತ ಹೋದರು. ಎಲ್ಲ ಮುಗಿದ ಮೇಲೆ ಬಲಗಡೆಯ ಗುಂಪಿನ ಮೇಲೆ ಕೈಯಿಟ್ಟು ಹೇಳಿದರು:

"ಇವುಗಳಲ್ಲಿ ಹಾನಿ ಕಮ್ಮಿ ಇದೆ."

ಬಳ್ಳಿಯಕ್ಕ ಗುರುತಿನ ಹಾಳೆ ತೆಗೆದು ಅವರ ಮುಂದಿಟ್ಟಳು. ಬಲಗಡೆಯವೆಲ್ಲ ಎಲೆ ರಸ ಕುಡಿದ ಇಲಿಗಳವು.

ಡಾಕ್ಟರು ಹಾಳೆಯನ್ನು ಓದಿ, ಪೆನ್ನು ಕೇಳಿ ತೆಗೆದುಕೊಂಡು, ಕೆಳಗೆ ಸಹಿ ಹಾಕಿದರು.