ನೆರಳು ತೆಗೆದ ಮುಖ

"ಪತ್ರ ಎಲ್ಲಿ?"

ನನ್ನ ಬಲಗೈ ಪೇಪರ್ ಕಟಿಂಗ್ ಮೆಷಿನ್ನಿನ ಬ್ಲೇಡಿನ ಕೆಳಗಿತ್ತು. ಐನೂರು ಹಾಳೆಯನ್ನು ಒಂದೇ ಏಟಿಗೆ ಕತ್ತರಿಸುವ ಬ್ಲೇಡು. ನನ್ನ ಬೆರಳು ಐದೇ ಐದು!

ಗೂಳಿ ನನ್ನ ತೋಳನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಹೆಸರಿಗೆ ತಕ್ಕ ಕತ್ತು. ಎದುರಿಗೆ ಪ್ರಿಂಟ್ ಸ್ಟುಡಿಯೋದ ಧಣಿ. ಗೂಳಿ ಅವನ ಬಂಟ.

"ಯಾವ ಪತ್ರ?" ಎಂದೆ.

"ಆ ಹೆಂಗಸು ಸೈನ್ ಮಾಡಿರೋ ಒಪ್ಪಿಗೆ ಪತ್ರ. ಬೆಳಿಗ್ಗೆ ಫೈಲಲ್ಲಿತ್ತು. ನೀನು ಬಂದ್ಮೇಲೆ ಇಲ್ಲ!"

"ಇಲಿ ತಿಂದಿರ್ಬೇಕು."

ಗೂಳಿ ಅದುಮಿದ. ಕಣ್ಣಲ್ಲಿ ನೀರು ಬಂತು.

"ಹನ್ನೆರಡಕ್ಕೆ ಫರ್ನಿಚರ್ ಶೋರೂಮಿನವ್ರು ಬರ್ತಾರೆ. ನೂರು ಪ್ರಿಂಟು... ನೂರು ಬೆಡ್‌ರೂಮಿಗೆ! ಪತ್ರ ಇಲ್ದಿದ್ರೆ ಒಂದನ್ನೂ ಮುಟ್ಟಲ್ಲ ಅಂದಿದ್ದಾರೆ. ಬೊಗಳು!"

ಪತ್ರ ನನ್ನ ಎಡಗಾಲಿನ ಸಾಕ್ಸಿನೊಳಗಿತ್ತು. ಜೇಬೆಲ್ಲ ತಡಕಿದ್ದರು. ಬೂಟು ಬಿಚ್ಚಿಸುವಷ್ಟು ಬುದ್ಧಿ ಇಬ್ಬರಿಗೂ ಇರಲಿಲ್ಲ.

ಕೇಳಿ... ಆ ಪತ್ರಕ್ಕೆ ಸಹಿ ಹಾಕಿಸಿದವನೂ ನಾನೇ.

ಜನರನ್ನು ಹುಡುಕಿಕೊಡುವುದು ನನ್ನ ಕಸುಬು. ಮೂರು ತಿಂಗಳ ಹಿಂದೆ ಧಣಿ ಒಂದು ಕೆಲಸ ಹೇಳಿದ. ತೀರಿಹೋದ ಕಲಾವಿದರೊಬ್ಬರ ಆಯಿಲ್ ಪೇಂಟಿಂಗು ಅವನ ಕೈಗೆ ಬಂದಿತ್ತು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತ ಬೆತ್ತಲೆ ಹೆಂಗಸು. ಸಿನಿಮಾ ಸುಂದರಿಯಲ್ಲ. ಹೊಟ್ಟೆಯ ಮಡಿಕೆ, ಮೊಣಕಾಲಿನ ಕಲೆ, ದಣಿದ ಹೆಗಲು... ಎಲ್ಲ ಇದ್ದದ್ದು ಇದ್ದ ಹಾಗೆ. "ಮಾಡೆಲ್ ಯಾರು ಅಂತ ಹುಡುಕು, ಸೈನ್ ಹಾಕಿಸು" ಎಂದ.

ಎರಡೇ ದಿನಕ್ಕೆ ಹುಡುಕಿದೆ. ಪರದೆ ಹೊಲಿಯುವ ಹೆಂಗಸು. ಈಗ ಐವತ್ತು ದಾಟಿದೆ. ಅಕ್ಕ ಅಂದೆ. ತಮ್ಮ ಅಂದರು. ಕೂರಿಸಿ ಟೀ ಕೊಟ್ಟರು.

"ಆ ಕಲಾವಿದರ ನೆನಪಿಗೆ ಪುಸ್ತಕ ಮಾಡ್ತಿದ್ದಾರೆ ಅಕ್ಕ. ಇಲ್ಲೊಂದು ಸೈನು." ಹಸಿ ಸುಳ್ಳು!

"ಕನ್ನಡಕ ರಿಪೇರಿಗೆ ಹೋಗಿದೆ ತಮ್ಮ. ಏನ್ ಬರೆದಿದೆ ಇದ್ರಲ್ಲಿ?"

"ಈಗ ಹೇಳಿದ್ನಲ್ಲ, ಅಷ್ಟೇ ಅಕ್ಕ."

"ಮುಖ ಕಾಣಲ್ಲ ತಾನೇ? ಮುಖ ಕತ್ತಲಲ್ಲಿಡ್ತೀನಿ ಅಂತ ಅವ್ರು ಮಾತು ಕೊಟ್ಮೇಲೇ ನಾನು ಕೂತಿದ್ದು."

"ಕಾಣಲ್ಲ ಅಕ್ಕ."

ಆಗ ನಾನಿನ್ನೂ ಚಿತ್ರವನ್ನು ಕಣ್ಣಾರೆ ನೋಡಿರಲಿಲ್ಲ. ಆದರೂ ಆಣೆ ಇಟ್ಟವನ ಹಾಗೆ ಹೇಳಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಹಿ ಬಂತು.

ನಿನ್ನೆ ಅಕ್ಕನ ಫೋನು.

"ತಮ್ಮ... ಒಂದು ಮನೆಗೆ ಪರದೆ ಅಳತೆಗೆ ಹೋಗಿದ್ದೆ. ಬೆಡ್‌ರೂಮಿನ ಗೋಡೆ ಮೇಲೆ ನಾನಿದ್ದೆ. ಆ ಮನೆಯಾಕೆ ಒಂದ್ಸಲ ಚಿತ್ರ ನೋಡ್ತಾಳೆ, ಒಂದ್ಸಲ ನನ್ನ ನೋಡ್ತಾಳೆ... ಇನ್ನು ಯಾರ ಮನೆ ಬಾಗಿಲು ತಟ್ಟಲಿ ಹೇಳು?"

ಬೈಯಲಿಲ್ಲ, ಅತ್ತರು. ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಹೋಗಿ ಪತ್ರ ಎಗರಿಸಿದೆ. ಬಾಗಿಲ ಹತ್ತಿರ ಸಿಕ್ಕಿಬಿದ್ದೆ.

"ಮುಖ ಹೇಗೆ ಬಂತು ಧಣಿ? ಒರಿಜಿನಲ್‌ನಲ್ಲಿ ಇಲ್ವಲ್ಲ!" ಕೈ ಬ್ಲೇಡಿನ ಕೆಳಗಿದ್ದ ಹಾಗೇ ಕೇಳಿದೆ.

ಮೂಲೆಯಿಂದ ಬಣ್ಣದಜ್ಜ ಬಾಯಿ ಹಾಕಿದ. ಮೂವತ್ತು ವರ್ಷದಿಂದ ಅಲ್ಲಿ ಬಣ್ಣ ಹೊಂದಿಸುವ ಮುದುಕ.

"ನಾನೇ ತಂದಿದ್ದು. ವಾರ್ನಿಷ್ಷು ಹಳೇದಾಗಿ ಕಪ್ಪಾಗಿತ್ತು. ಕಪ್ಪು ಪ್ರಿಂಟು ಮನೆ ಗೋಡೆ ಮೇಲೆ ಮಂಕು ಹೊಡೆಯುತ್ತೆ. ಸ್ಕ್ಯಾನ್ ಮಾಡಿ ನೆರಳು ತೆಗೆದೆ... ಒಳಗೆ ಎಂಥಾ ಮುಖ ಇತ್ತು ಗೊತ್ತಾ!"

"ಅದು ವಾರ್ನಿಷ್ ಅಲ್ಲ ಅಜ್ಜ. ಮುಖ ತೋರಿಸಲ್ಲ ಅಂತ ಕಲಾವಿದರು ಅಕ್ಕನಿಗೆ ಮಾತು ಕೊಟ್ಟಿದ್ರು. ಬೇಕು ಅಂತ್ಲೇ ಕತ್ತಲು ಬಳಿದಿದ್ರು."

ಅಜ್ಜನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಪುರಾಣ ಸಾಕು!" ಧಣಿ ಗುಡುಗಿದ. "ಗೂಳಿ, ಒತ್ತೋ!"

ಗೂಳಿ ತಬ್ಬಿಬ್ಬಾದ. ಆ ಮೆಷಿನ್ನಿಗೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಬೇಕು. ಅವನ ಎರಡೂ ಕೈ ನನ್ನ ಮೇಲೆ!

"ಕೈ ಬಿಟ್ರೆ ಓಡ್ತಾನೆ ಧಣಿ..."

"ಥೂ! ಸರಿ ಆ ಕಡೆ!"

ಧಣಿಯೇ ಬಂದ. ಒತ್ತಿದ.

ನಾನು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ! ಮತ್ತೆ ಒತ್ತಿದ. ಊಹೂಂ...

ಬ್ಲೇಡಿನ ಮುಂದೆ ಸೆನ್ಸರ್ ಇತ್ತು. ಕೈ ಅಡ್ಡ ಇದ್ದರೆ ಮೆಷಿನ್ನು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಧಣಿ ಹದಿನೈದು ವರ್ಷದಿಂದ ಅದರ ಮಾಲೀಕ, ಆದರೂ ಒಂದು ಹಾಳೆಯನ್ನೂ ತಾನೇ ಕತ್ತರಿಸಿದವನಲ್ಲ. ಬಣ್ಣದಜ್ಜನಿಗೆ ಗೊತ್ತಿತ್ತು. ತುಟಿ ಬಿಚ್ಚಲಿಲ್ಲ.

"ಏನಾಯ್ತು ಇದಕ್ಕೆ?" ಗೂಳಿ ಬಗ್ಗಿ ನೋಡಿದ. ಹಿಡಿತ ಸಡಿಲವಾಯಿತು.

ಮಂಡಿಯಿಂದ ಒಂದು ಕೊಟ್ಟೆ!

ಓಡಿದೆ. ಮೂರು ಮಹಡಿ ಮೆಟ್ಟಿಲು. ಹಿಂದೆ ಗೂಳಿಯ ದಬದಬ ಸದ್ದು. ಬೀದಿ... ಹಾರ್ನು... ಯಾರದೋ ಬೈಗುಳ. ಸಿಗ್ನಲ್ಲಿನಲ್ಲಿ ಹಾಸಿಗೆ ತುಂಬಿದ ಲಾರಿ ನಿಂತಿತ್ತು. ಅದರೊಳಕ್ಕೆ ಹಾರಿ ಬಿದ್ದೆ. ಹಸಿರು ದೀಪ! ಗೂಳಿ ರಸ್ತೆಯ ಮಧ್ಯೆ ನಿಂತು ಚಪ್ಪಲಿ ಎಸೆದ. ತಾಗಲಿಲ್ಲ.

ಅಕ್ಕ ಹೊಲಿಗೆ ಅಂಗಡಿಯಲ್ಲಿ ಒಬ್ಬರೇ ಇದ್ದರು. ಸಾಕ್ಸಿನಿಂದ ಪತ್ರ ತೆಗೆದುಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು.

"ಇದೊಂದೇನಾ?"

"ಒಂದೇ ಅಕ್ಕ. ಇದಿಲ್ದೆ ಅವನು ಮಾರೋ ಹಾಗಿಲ್ಲ."

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಎತ್ತಿಕೊಂಡು ಎಂಟು ತುಂಡು ಮಾಡಿದರು.

"ತಪ್ಪಾಯ್ತು ಅಕ್ಕ."

"ಇದುವರೆಗೆ ಹೊರಗೆ ಎಷ್ಟು ಹೋಗಿದೆ?"

"ಸ್ಯಾಂಪಲ್ ಅಂತ ಮೂರು."

"ಒಂದು ನಾನು ನೋಡಿದ್ದು."

"ಇನ್ನೊಂದು ಹಲ್ಲಿನ ಡಾಕ್ಟರ ಮನೇಲಿ. ಎರಡನ್ನೂ ವಾಪಸ್ ತರ್ತೀನಿ. ನನ್ನ ಮೇಲೆ ಬಿಡಿ."

"ಮೂರನೇದು?"

ಒಂದು ಸುಳ್ಳು ಸಾಕಿತ್ತು. ಕಳೆದುಹೋಯಿತು, ಸುಟ್ಟುಹೋಯಿತು... ನನ್ನ ಬಾಯಲ್ಲಿ ಸುಳ್ಳಿಗೆ ಬರವೇ? ಆದರೆ ಅಕ್ಕ ನನ್ನನ್ನೇ ನೋಡುತ್ತಿದ್ದರು.

"ನನ್ನ... ನನ್ನ ಮನೇಲಿ."

ಧಣಿ ಖುಷಿಗೆ ಕೊಟ್ಟ ಉಡುಗೊರೆ. ಮಂಚದ ಎದುರಿಗೆ ತೂಗುಹಾಕಿ ಎರಡು ತಿಂಗಳು. ಯಾರ ಮುಖ ಎಂದು ಮೊದಲ ದಿನವೇ ಗೊತ್ತಾಗಿತ್ತು. ತೆಗೆಯಲಿಲ್ಲ. ಚಿತ್ರ ಚೆನ್ನಾಗಿತ್ತು, ಅಷ್ಟೇ. ನಿನ್ನೆ ಅಕ್ಕ ಫೋನಿನಲ್ಲಿ ಅಳುತ್ತಿದ್ದಾಗಲೂ ನಾನು ಅದರ ಎದುರಿಗೇ ಕೂತಿದ್ದೆ. ಇಂಥ ತಮ್ಮನಿಗೆ ಏನು ಮಾಡಿದರೂ ಪಾಪ ಬರುವುದಿಲ್ಲ.

ಅಕ್ಕ ಎದ್ದು ಅಂಗಡಿಯ ಶಟರ್ ಎಳೆದರು. ಕತ್ತರಿ ಕೈಯಲ್ಲೇ ಇತ್ತು.

"ನಡಿ. ಮನೆ ತೋರಿಸು."

ಹತ್ತು ವರ್ಷದಿಂದ ಎಷ್ಟೋ ಪುಂಡರು ನನ್ನ ಮನೆ ಹುಡುಕಿ ಸೋತಿದ್ದಾರೆ. ಮೊದಲ ಸಲ ದಾರಿಯನ್ನು ನಾನೇ ತೋರಿಸಿದೆ... ಪ್ರತಿ ತಿರುವಿನಲ್ಲೂ ತಪ್ಪಿಸಿಕೊಳ್ಳಬೇಕು ಅನ್ನಿಸುತ್ತಿದ್ದರೂ!