ಬುಟ್ಟಿಯೊಳಗಿನ ಫೋನುಗಳು

ನಾನು ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಟೈಲರ್. ನೀರಿನ ಟ್ಯಾಂಕಿಗೆ ನಾನೇ ಏನೋ ಬೆರೆಸುತ್ತಿದ್ದೇನೆಂದು ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದರು. ಸಂಜೆಯೊಳಗೆ ಇಪ್ಪತ್ತು ಮನೆಯವರೂ ಹೌದೆಂದರು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಅಂಗಳಕ್ಕೆ ಕರೆದೆ. "ಫೋನೆಲ್ಲ ಈ ಬುಟ್ಟಿಗೆ ಹಾಕಿ. ಏನಿದ್ರೂ ನನ್ನ ಮುಖ ನೋಡಿ ಹೇಳಿ," ಎಂದು, ಟ್ಯಾಂಕಿನ ನೀರನ್ನು ಗಟಗಟನೆ ಕುಡಿದು ಲೋಟ ಬೋರಲು ಹಾಕಿದೆ. ಒಬ್ಬೊಬ್ಬರಾಗಿ ಎಲ್ಲರೂ ಫೋನು ಬುಟ್ಟಿಗೆ ಹಾಕಿದರು. ಎಲ್ಲರಿಗಿಂತ ಹೆಚ್ಚು ಬೈದು ಬರೆದಿದ್ದ ಮೇಲ್ಮನೆಯ ಅಕ್ಕ ನನ್ನೆರಡೂ ಕೈ ಹಿಡಿದು, "ತಪ್ಪಾಯ್ತು ಕಣೇ, ಎಲ್ಲರೂ ಬರೆದ್ರು ಅಂತ ನಾನೂ ಬರೆದ್ಬಿಟ್ಟೆ," ಎಂದು ಅತ್ತರು. ಉಳಿದವರೂ ಲೋಟ ಹಿಡಿದು ಬಂದರು. ನನ್ನ ಎದೆ ಉಬ್ಬಿತು.

ಆಗ ಬುಟ್ಟಿ ಗುಂಯ್‌ಗುಟ್ಟಿತು. ಬಿಸಿಲಲ್ಲಿದ್ದರೂ ನನ್ನ ಕಾಲಿಗೆ ತಾಗಿದ ಅದು ಮಂಜಿನಷ್ಟು ತಣ್ಣಗಿತ್ತು. ಮೇಲಿದ್ದ ಫೋನಿನಲ್ಲಿ ಅಕ್ಕನ ನಂಬರಿನಿಂದ ಸಂದೇಶ: "ನಂಬಬೇಡಿ, ಅವಳು ಕುಡಿದಿದ್ದು ಬರೀ ನಾಟಕ."

ಈ ಸಲ ಒಬ್ಬರೂ ನಂಬದೆ ಜೋರಾಗಿ ನಕ್ಕುಬಿಟ್ಟರು. ಅಕ್ಕ ಮಾತ್ರ ನಗಲಿಲ್ಲ. ಅವರ ಫೋನು ಬುಟ್ಟಿಯ ತಳದಲ್ಲಿತ್ತು, ಎರಡೂ ಕೈ ಇನ್ನೂ ನನ್ನ ಕೈಯಲ್ಲೇ ಇದ್ದವು.