ಮೇಷ್ಟ್ರು ಎಂಬ ಫೋಲ್ಡರ್

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿ ನೋಡಿದರೆ ಮೇಷ್ಟ್ರು ಕಾಣೆಯಾಗಿದ್ದರು.

ಮನುಷ್ಯ ಕಾಣೆಯಾಗಿರಲಿಲ್ಲ. ಮನುಷ್ಯ ಎದುರಿಗೇ, ಮೂರು ಅಡಿ ದೂರದಲ್ಲಿ, ಶರ್ಟಿನ ತೋಳು ಮಡಚಿಕೊಂಡು ಕುಳಿತಿದ್ದರು. ಕಾಣೆಯಾದದ್ದು ನನ್ನ ಮೇಲ್‌ನಲ್ಲಿ ಅವರ ಹೆಸರಿನಲ್ಲಿದ್ದ ಫೋಲ್ಡರ್. ಒಂಬತ್ತು ವರ್ಷಗಳಲ್ಲಿ ಅವರು ನನಗೆ ಬರೆದ ಅಷ್ಟೂ ಕಾಗದಗಳು ಅದರಲ್ಲಿದ್ದವು.

ನಮ್ಮದು ಬ್ರೈಲ್ ಪುಸ್ತಕ ಅಚ್ಚು ಮಾಡುವ ಪ್ರೆಸ್. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಇಬ್ಬರು ಕುಳಿತು ತಿದ್ದಬೇಕು. ನಾನು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ. ಅವರು ಬ್ರೈಲ್ ಪುಟದ ಮೇಲೆ ಬೆರಳಾಡಿಸುತ್ತಾ ಕೇಳುತ್ತಾರೆ. ಎಲ್ಲಾದರೂ ಚುಕ್ಕಿ ತಪ್ಪಿದ್ದರೆ ಬೆರಳು ನಿಲ್ಲುತ್ತದೆ, ಬೆರಳು ನಿಂತರೆ ನಾನೂ ನಿಲ್ಲುತ್ತೇನೆ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪ್ರೆಸ್ಸಿನಲ್ಲಿ ಎಲ್ಲರಿಗೂ ಕಂಪ್ಯೂಟರ್ ಕಲಿಸಿದವರು ಅವರೇ ಆದ್ದರಿಂದ ಎಲ್ಲರಿಗೂ ಮೇಷ್ಟ್ರು. ನನ್ನನ್ನು ಮಾತ್ರ ಅವರು ರೇಡಿಯೋ ಎನ್ನುತ್ತಾರೆ.

ಒಂಬತ್ತು ವರ್ಷಗಳಿಂದ ನಾನು ಅವರನ್ನು ನೋಡುತ್ತಿದ್ದೇನೆ. ಸರಿಯಾದ ಸಾಲು ಸಿಕ್ಕಾಗ ಸ್ವಲ್ಪ ಮೇಲೇಳುವ ಎಡ ಹುಬ್ಬು. ನಗು ಬಂದರೂ ಬಿಗಿಹಿಡಿಯುವ ತುಟಿ. ಮೊದಮೊದಲು, ಹೀಗೆ ನೋಡಿದರೆ ಸಿಕ್ಕಿಬೀಳುವ ಭಯವಿಲ್ಲ ಎಂದುಕೊಂಡಿದ್ದೆ. ಅದು ನನ್ನ ಭ್ರಮೆ.

“ರೇಡಿಯೋ, ಸ್ಟೇಷನ್ ಸಿಗ್ತಿಲ್ವಾ?”

“ಪುಟ ತಿರುಗಿಸ್ತಾ ಇದ್ದೆ.”

“ಪುಟದ ಸದ್ದು ಕೇಳಿಸ್ಲಿಲ್ಲ.”

ನಾನು ಕೆಂಪಾಗುತ್ತಿದ್ದೆ. ಕೆಂಪಾದದ್ದು ಅವರಿಗೆ ಕಾಣುವುದಿಲ್ಲ, ಆದರೆ ಮುಂದಿನ ವಾಕ್ಯದ ದನಿಯಲ್ಲಿ ಅದು ಗೊತ್ತಾಗಿಬಿಡುತ್ತಿತ್ತು. ನನ್ನ ದನಿ ನನಗಿಂತ ಪ್ರಾಮಾಣಿಕ. ಮುಖ್ಯವಾದ ಮಾತುಗಳನ್ನೆಲ್ಲ ನಾನು ಬರೆದು ಹೇಳುವುದು ಅದಕ್ಕೇ.

ನಮ್ಮ ಮೇಲ್ ಪ್ರೋಗ್ರಾಂ ಬರೀ ಅಕ್ಷರಗಳದ್ದು. ಕಪ್ಪು ಪರದೆ, ಬಿಳಿ ಸಾಲುಗಳು. ಚಿತ್ರವಿಲ್ಲ, ಮೌಸ್ ಬೇಕಿಲ್ಲ, ಎಲ್ಲಕ್ಕೂ ಒಂದೊಂದು ಕೀ. ಅವರ ಕೀಬೋರ್ಡಿನ ಮುಂದೆ ಒಂದು ಉದ್ದನೆಯ ಪಟ್ಟಿ ಇದೆ. ಪರದೆಯ ಸಾಲು ಅದರ ಮೇಲೆ ಚುಕ್ಕಿಗಳಾಗಿ ಏಳುತ್ತದೆ, ಅವರು ಸವರಿ ಓದುತ್ತಾರೆ. ಅವರಿಗೆ ಸುಲಭವಾದದ್ದನ್ನೇ ನಾವೆಲ್ಲರೂ ರೂಢಿ ಮಾಡಿಕೊಂಡಿದ್ದೆವು. ಹಿಂದಿನ ಶನಿವಾರ ಅವರೇ ಕುಳಿತು ಹೊಸ ವರ್ಶನ್ ಹಾಕಿದ್ದರು.

ಅವರಿಂದ ಬಂದ ಕಾಗದವೆಲ್ಲ ನೇರವಾಗಿ ‘ಮೇಷ್ಟ್ರು’ ಫೋಲ್ಡರಿಗೆ ಹೋಗಲಿ ಎಂದು ನಾನು ಎಂದೋ ನಿಯಮ ಬರೆದಿಟ್ಟಿದ್ದೆ. ಯಾರಾದರೂ ಹಿಂದೆ ಬಂದು ನಿಂತು ಪರದೆ ನೋಡಿದರೆ ಇನ್‌ಬಾಕ್ಸಿನಲ್ಲಿ ಅವರ ಹೆಸರು ಸಾಲುಸಾಲಾಗಿ ಕಾಣದಿರಲಿ ಎಂದು. ಅದರೊಳಗೆ, ನಾವು ತಿದ್ದಿದ ಒಂದೊಂದು ಪುಸ್ತಕಕ್ಕೂ ಒಂದೊಂದು ಮರಿ ಫೋಲ್ಡರ್. ಹಳೆಯ ವರ್ಶನ್‌ನಲ್ಲಿ ಆ ಹೆಸರು ಫೋಲ್ಡರ್‌ಗಳ ಪಟ್ಟಿಯಲ್ಲಿ ಎರಡು ಸಲ ಕಾಣುತ್ತಿತ್ತು. ಒಂದನ್ನು ತೆರೆದರೆ ಕಾಗದಗಳು, ಇನ್ನೊಂದನ್ನು ತೆರೆದರೆ ಮರಿಗಳು. ಈಗ ಒಂದೇ ಸಲ ಇತ್ತು. ಎಂಟರ್ ಒತ್ತಿದರೆ ಮರಿಗಳು ಬಂದವು, ಕಾಗದಗಳಿಲ್ಲ.

ಹಿಂದೆ ಹೋದೆ, ಮತ್ತೆ ಒಳಗೆ ಬಂದೆ. ಹಿಂದೆ ಹೋಗುವ ಕೀ ಕೂಡ ಬದಲಾಗಿತ್ತು. ಒಮ್ಮೆ ವಿಳಾಸಪುಸ್ತಕಕ್ಕೆ ಹೋಗಿ ಬಿದ್ದೆ, ಇನ್ನೊಮ್ಮೆ ಪ್ರೋಗ್ರಾಮೇ ಮುಚ್ಚಿಕೊಂಡಿತು. ನನ್ನ ಮನೆಯಲ್ಲೇ ಯಾರೋ ಬಾಗಿಲುಗಳ ಜಾಗ ಬದಲಿಸಿದ ಹಾಗಿತ್ತು.

ಪ್ರೇಮಪತ್ರಗಳೇನೂ ಅಲ್ಲ ಅವು. ‘ಪುಟ ನಲವತ್ತಾರು, ಸಾಲು ಒಂಬತ್ತು, ಒತ್ತಕ್ಷರ ಬಿಟ್ಟಿದೆ.’ ‘ಇವತ್ತು ನಿಮ್ಮ ಗಂಟಲು ಸರಿಯಿಲ್ಲ, ಫ್ಲಾಸ್ಕಿನಲ್ಲಿ ಬಿಸಿನೀರಿದೆ.’ ‘ನಾಳೆ ನಾನು ರಜೆ, ಬೇರೆ ಯಾರಿಗೂ ಓದಬೇಡಿ, ಹೊಟ್ಟೆಕಿಚ್ಚಾಗುತ್ತದೆ (ತಮಾಷೆ).’ ಕಂಸದೊಳಗಿನ ಆ ಒಂದು ಪದವನ್ನು ನಾನು ಎಷ್ಟು ಸಲ ಓದಿದ್ದೇನೋ.

ಅವರನ್ನೇ ಕೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕೇಳಿದರೆ ಫೋಲ್ಡರಿನ ಹೆಸರು ಹೇಳಬೇಕು. ನುಂಗಲಾರದ, ಉಗುಳಲಾರದ ಬಿಸಿತುಪ್ಪ.

ಇದೆಲ್ಲ ಬೇರೆ ಯಾವ ವಾರ ಆಗಿದ್ದರೂ ಸಹಿಸಬಹುದಿತ್ತು. ಇನ್ನೊಂದು ಊರಿನ ನಮ್ಮ ಶಾಖೆಯವರು ಧ್ವನಿಪುಸ್ತಕ ವಿಭಾಗ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ನಾನು ಬಹಳ ದಿನದಿಂದ ಬಯಸಿದ್ದ ಕೆಲಸ. ಗುರುವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕಿತ್ತು. ನಾಲ್ಕು ದಿನ ಬರೆದು, ಅಳಿಸಿ, ಹಿಂದಿನ ಶುಕ್ರವಾರ ಮೇಷ್ಟ್ರಿಗೆ ಒಂದು ಕಾಗದ ಕಳಿಸಿದ್ದೆ. ‘ಹೋಗಲೇ, ಬೇಡವೇ, ನಿಮ್ಮ ಅಭಿಪ್ರಾಯ ತಿಳಿಸಿ. ದಯವಿಟ್ಟು ಬರೆದೇ ತಿಳಿಸಿ. ಕೋಣೆಯಲ್ಲಿ ಈ ಮಾತು ಬೇಡ.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನನಗೆ ಬೇಕಾದದ್ದು ಅಭಿಪ್ರಾಯವಲ್ಲ ಎಂಬುದನ್ನು ಆ ಕಾಗದ ಎಲ್ಲೂ ಹೇಳುತ್ತಿರಲಿಲ್ಲ.

ಉತ್ತರ ಬಂದಿರಲಿಲ್ಲ. ಫೋಲ್ಡರೇ ಹಾಳಾದ ಮೇಲೆ, ಬಂದಿದ್ದರೆ ಇನ್‌ಬಾಕ್ಸಿನಲ್ಲಿ ಇರಬೇಕಲ್ಲ ಎಂದು ನಾನು ಲೆಕ್ಕ ಹಾಕಿದೆ. ಗಂಟೆಗೆ ನಾಲ್ಕು ಸಲ ಇನ್‌ಬಾಕ್ಸ್ ನೋಡಿದೆ.

ಮಂಗಳವಾರ ನಾವು ಬೆಕ್ಕು ಸಾಕುವವರಿಗೆಂದು ಬರೆದ ಕೈಪಿಡಿಯ ಮೂರನೇ ಅಧ್ಯಾಯದಲ್ಲಿದ್ದೆವು. ಬೆಕ್ಕು ಕರೆದಾಗ ಬರುವುದಿಲ್ಲ ಪೂರ್ಣವಿರಾಮ ತನಗೆ ಬೇಕಾದಾಗ ಬರುತ್ತದೆ ಪೂರ್ಣವಿರಾಮ ಎಂದು ಓದಿದೆ. ಅವರ ಬೆರಳು ಚಲಿಸಲಿಲ್ಲ. ತಪ್ಪು ಸಿಕ್ಕಿತೇನೋ ಎಂದು ಕಾದೆ.

“ಮೇಲ್ ನೋಡಿದ್ರಾ?” ಎಂದರು, ಪುಟದ ಕಡೆಗೇ ಮುಖ ಮಾಡಿಕೊಂಡು.

“ನೋಡಿದೆ. ಏನೂ ಇಲ್ಲ.”

ಬೆರಳುಗಳು ಪುಟದ ಮೇಲೆ ಮಡಚಿಕೊಂಡವು. ಎಡ ಹುಬ್ಬು ಇಳಿಯಿತು. ಅವರು, ಸರಿ, ಮುಂದೆ ಓದಿ ಎಂದರು. ನಾನು ಓದಿದೆ. ಉತ್ತರ ಬರೆಯಲಾಗದ್ದಕ್ಕೆ ಅವರಿಗೆ ಸಂಕೋಚವಾಗಿರಬೇಕು ಎಂದು ಅರ್ಥ ಮಾಡಿಕೊಂಡೆ. ಅಥವಾ ನಾನು ಬೇಗ ಹೊರಟರೆ ಸಾಕು ಎಂದಿರಬಹುದು. ಆ ದಿನ ಸ್ಟೇಷನ್ ಬಗ್ಗೆ ಒಂದು ಮಾತೂ ಬರಲಿಲ್ಲ.

ಮನೆಯಲ್ಲಿ ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಾ ಹೊಸ ಕೆಲಸದ ವಿಷಯವೆಲ್ಲ ಕೇಳಿಸಿಕೊಂಡಳು. ಅವಳಿಗೆ ಮೇಷ್ಟ್ರ ವಿಷಯ ನಾನು ಎಂದೂ ಹೇಳಿರಲಿಲ್ಲ. ಹೇಳದೆಯೂ ಅವಳಿಗೆ ಗೊತ್ತಿತ್ತು, ಅಕ್ಕಂದಿರು ಇರುವುದೇ ಹಾಗೆ.

“ಹೋಗು ಅನ್ನೋರು ನೂರು ಜನ ಇದ್ದಾರೆ,” ಎಂದಳು. “ನೀನು ಕಾಯ್ತಿರೋದು ಬೇಡ ಅನ್ನೋ ಒಬ್ಬನಿಗೆ. ಆ ಪುಣ್ಯಾತ್ಮನಿಗೆ ಅದು ಗೊತ್ತಾ?”

ನಾನು ಬರೆದಿದ್ದೇನೆ ಎಂದೆ. ನೀನು ಬರೆದದ್ದು ನನಗೆ ಗೊತ್ತಿಲ್ಲವೇ, ಕೋರ್ಟಿಗೆ ಅರ್ಜಿ ಹಾಕಿದ ಹಾಗಿರುತ್ತದೆ ಎಂದು ಭಾವನ ಶರ್ಟಿನ ಕಾಲರಿಗೆ ಜೋರಾಗಿ ಇಸ್ತ್ರಿ ಒತ್ತಿದಳು.

ಬುಧವಾರ ಮ್ಯಾನೇಜರ್ ನನ್ನನ್ನು ಕರೆಸಿದರು. ಅವರನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತೇವೆ. ಕನ್ನಡಕದ ಮೇಲಿಂದ ನೋಡಿ, ಮುಂದಿನ ಪುಸ್ತಕಕ್ಕೆ ಬೇರೆ ಓದುಗರನ್ನು ಕೊಡಿ ಎಂದು ಮೇಷ್ಟ್ರು ಕೇಳಿಕೊಂಡಿದ್ದಾರೆ, ನೀವಿಬ್ಬರೂ ಜಗಳವಾಡಿದಿರಾ ಎಂದು ಕೇಳಿದರು. ಇಲ್ಲ ಎಂದೆ. ಜಗಳವಾದರೂ ಆಗಿದ್ದರೆ ಕಾರಣ ಗೊತ್ತಿರುತ್ತಿತ್ತು.

ಕೋಣೆಗೆ ಮರಳಿದಾಗ ಅವರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರಿಗೆ ನನ್ನ ಹೆಜ್ಜೆ ಕೇಳಿಸಿತ್ತು, ನಿಂತದ್ದೂ ಕೇಳಿಸಿತ್ತು. ಒಂಬತ್ತು ವರ್ಷ ಓದಿದ ಮುಖ ಒಂದೇ ವಾರದಲ್ಲಿ ನನಗೆ ಗೊತ್ತಿಲ್ಲದ ಲಿಪಿಯಾಗಿಬಿಟ್ಟಿತ್ತು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಒಪ್ಪಿಗೆಯ ಕಾಗದ ಬರೆದು ಮುಗಿಸಿದೆ. ಕಳಿಸುವುದೊಂದೇ ಬಾಕಿ. ಆಗ ಅನ್ನಿಸಿತು, ಹೋಗುವುದೇ ಆದರೆ ಆ ಹಳೆಯ ಕಾಗದಗಳನ್ನಾದರೂ ಕೊಂಡೊಯ್ಯಬೇಕು. ಇನ್ನು ಮಾನ ಉಳಿಸಿಕೊಂಡು ಮಾಡುವುದೇನು? ಹೊಸ ಊರಿಗೆ ಹೋದ ಮೇಲೆ ಅವರು ನಕ್ಕರೂ ನನಗೆ ಕಾಣುವುದಿಲ್ಲವಲ್ಲ.

“ಮೇಷ್ಟ್ರೇ, ಅಪ್‌ಗ್ರೇಡ್ ಆದ್ಮೇಲೆ ನನ್ನದೊಂದು ಫೋಲ್ಡರ್ ಹೋಗಿದೆ.”

“ಯಾವುದು?”

“ಹಳೇದು ಒಂದು.”

“ಹೆಸರು ಹೇಳಿ, ಹುಡುಕೋಣ.”

“ಹೆಸರು ಬೇಕೇಬೇಕಾ?”

“ಹೆಸರಿಲ್ದೆ ಕರೆದ್ರೆ ಬೆಕ್ಕೂ ಬರಲ್ಲ.” ಮೂರು ದಿನದಲ್ಲಿ ಅವರಾಡಿದ ಮೊದಲ ತಮಾಷೆ. ಅದರಲ್ಲೂ ಜೀವ ಇರಲಿಲ್ಲ.

“ಮೇಷ್ಟ್ರು,” ಎಂದೆ.

“ಹೇಳಿ.”

“ನಿಮ್ಮನ್ನ ಕರೀಲಿಲ್ಲ. ಅದೇ ಹೆಸರು.”

ಅವರ ಕೈ ಕೀಬೋರ್ಡಿನ ಮೇಲೆ ಅರ್ಧಕ್ಕೆ ನಿಂತಿತು. ಕಿವಿಯ ತುದಿ ನಿಧಾನವಾಗಿ ಬಣ್ಣ ತಿರುಗುವುದನ್ನು ನೋಡಿದೆ. ಒಂಬತ್ತು ವರ್ಷ ನೋಡಿದ್ದೆನಲ್ಲ, ಇದನ್ನು ಎಂದೂ ಕಂಡಿರಲಿಲ್ಲ.

“ನನ್ನ ಕಾಗದಗಳೆಲ್ಲ ಅದ್ರಲ್ಲಿವೆಯಾ?”

“ಎಲ್ಲಾನೂ. ಬಂದ ಕೂಡ್ಲೆ ಅಲ್ಲಿಗೇ ಹೋಗೋ ಹಾಗೆ ಮಾಡಿದ್ದೆ.”

“ಸೋಮವಾರದಿಂದ ಅದು ತೆರೀತಿಲ್ವಾ?”

“ಇಲ್ಲ.”

“ಮತ್ತೆ ಮಂಗಳವಾರ ನೋಡಿದೆ, ಏನೂ ಇಲ್ಲ ಅಂದ್ರಲ್ಲ.”

“ಇನ್‌ಬಾಕ್ಸ್‌ನಲ್ಲಿ ಏನೂ ಇಲ್ಲ ಅಂದೆ.”

ಅವರು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ಮಾತು ಬಂತು.

“ನಿಮ್ಮ ಮನಸ್ಸಲ್ಲೇ ಏನೂ ಇಲ್ಲ ಅಂತ ನಾನು ಅಂದ್ಕೊಂಡೆ.”

ಆಮೇಲೆ ಅವರು ಅತ್ಯಂತ ಸಾವಧಾನದಿಂದ, ಮೊದಲ ದಿನ ಕಂಪ್ಯೂಟರ್ ಕಲಿಸಿದ ಹಾಗೆ, ವಿವರಿಸಿದರು. ಹೊಸ ವರ್ಶನ್ ಎರಡು ಸಾಲುಗಳನ್ನು ಕೂಡಿಸಿ ಒಂದು ಮಾಡಿದೆ. ಎಂಟರ್ ಒತ್ತಿದರೆ ಒಳಗಿನ ಮರಿ ಫೋಲ್ಡರ್‌ಗಳು, ವಿ ಕೀ ಒತ್ತಿದರೆ ಕಾಗದಗಳು. ಏನೂ ಕಳೆದಿಲ್ಲ, ಹೊಸದಾಗಿ ಬಂದದ್ದೂ ಅಲ್ಲೇ ಬಿದ್ದಿರುತ್ತದೆ. ಇದನ್ನೆಲ್ಲ ಸೋಮವಾರ ಒಂಬತ್ತು ಗಂಟೆಗೇ ಎಲ್ಲರಿಗೂ ಬರೆದು ಕಳಿಸಿದ್ದರಂತೆ. ಅವರಿಂದ ಬಂದದ್ದು ತಾನೆ, ನನ್ನ ನಿಯಮ ಅದನ್ನೂ ಎತ್ತಿಕೊಂಡು ಹೋಗಿ ಅದೇ ಫೋಲ್ಡರಿಗೆ ಹಾಕಿತ್ತು. ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದವಳು ನಾನೇ.

ವಿ ಒತ್ತಿದೆ. ಸಾವಿರದೆಂಟುನೂರ ಚಿಲ್ಲರೆ ಕಾಗದಗಳು ಒಮ್ಮೆಲೇ ಪರದೆ ತುಂಬಿದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ತೆರೆಯದವು ಮೂರು. ಒಂದು ಎಲ್ಲರಿಗೂ ಬರೆದದ್ದು, ಎರಡು ನನಗೆ.

“ಸೋಮವಾರದ್ದು ಓದಿ,” ಎಂದರು. “ಗಟ್ಟಿಯಾಗಿ. ಬರೆದೋನಿಗೂ ಒಂದ್ಸಲ ಕೇಳಿಸ್ಲಿ.”

ಓದಿದೆ. ‘ರೇಡಿಯೋ, ನೀವು ಹೋಗಬೇಕು. ಆ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಮಾಡುವವರಿಲ್ಲ. ನೀವು ಕೇಳಿದ ಅಭಿಪ್ರಾಯ ಇಷ್ಟೇ. ಮುಂದಿನದು ನೀವು ಕೇಳದೆ ಇದ್ದದ್ದು. ಬೇರೆಯವರ ದನಿಗೆ ನನ್ನ ಬೆರಳು ಓಡುವುದಿಲ್ಲ. ಶನಿವಾರ ಆ ಶಾಖೆಗೆ ಫೋನ್ ಮಾಡಿ ವಿಚಾರಿಸಿದೆ, ಅಲ್ಲಿ ಬ್ರೈಲ್ ಪ್ರೂಫ್ ನೋಡುವವರು ಬೇಕಂತೆ. ನಾನೂ ಬಂದರೆ ನಿಮಗೆ ತೊಂದರೆಯೇ? ಸಹೋದ್ಯೋಗಿಯಾಗಿ ಎಂದು ಮೊದಲು ಬರೆದಿದ್ದೆ. ಆ ಪದ ಅಳಿಸಿದ್ದೇನೆ.’

ಕೊನೆಯ ವಾಕ್ಯದಲ್ಲಿ ನನ್ನ ದನಿ ಎಡವಿತು. ಅವರು ತಿದ್ದಲಿಲ್ಲ.

ಇನ್ನೊಂದಕ್ಕೆ ಕೈ ಹಾಕಿದಾಗ, ಅದು ಬೇಡ ಎಂದರು. ನಾನು ಮನಸ್ಸಿನಲ್ಲೇ ಓದಿಕೊಂಡೆ. ‘ಅರ್ಥವಾಯಿತು. ಶಾಖೆಯವರಿಗೆ ಬರುವುದಿಲ್ಲ ಎಂದು ತಿಳಿಸಿದ್ದೇನೆ. ನೀವು ನಿಶ್ಚಿಂತೆಯಿಂದ ಹೋಗಿಬನ್ನಿ.’ ಮಂಗಳವಾರ ಸಂಜೆಯದು. ನಾನು ಎತ್ತಿನ ಹಾಗೆ ಏರಿಗೆಳೆಯುತ್ತಿದ್ದಾಗ ಅವರು ಕೋಣನ ಹಾಗೆ ನೀರಿಗೆಳೆದಿದ್ದರು.

“ಮತ್ತೆ ಅವರಿಗೆ ಫೋನ್ ಮಾಡ್ತೀರಾ?” ಎಂದೆ.

“ಯಾಕೆ?”

“ಗೊತ್ತಿದ್ದೂ ಕೇಳ್ಬೇಡಿ.”

“ಈ ವಾರ ನನಗೆ ಗೊತ್ತಿದ್ದಿದ್ದೆಲ್ಲ ತಪ್ಪಾಗಿದೆ. ಬಾಯಿಬಿಟ್ಟು ಹೇಳಿ.”

ಬರೆದು ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಅವರ ಮುಖ ನನ್ನತ್ತ ತಿರುಗಿತ್ತು, ಒಂದೇ ಒಂದು ಅಕ್ಷರವೂ ತಪ್ಪಿಹೋಗಬಾರದು ಎನ್ನುವ ಹಾಗೆ.

“ನನಗೆ ಆ ಕೆಲಸ ಬೇಕು,” ಎಂದೆ. “ನೀವೂ ಬೇಕು. ಜೊತೆಗೆ ಬನ್ನಿ. ಪ್ರೂಫ್ ನೋಡೋಕಷ್ಟೇ ಅಲ್ಲ. ಮನೆಗೆ, ಬೆಳಗಾದ್ರೆ, ಸಂಜೆಯಾದ್ರೆ. ಒಂಬತ್ತು ವರ್ಷದಿಂದ ಹೇಳ್ಬೇಕು ಅಂತಿದ್ದೆ.”

ದನಿ ನಡುಗುತ್ತಿತ್ತು. ನಾನು ಅದನ್ನು ಸರಿಮಾಡಿಕೊಳ್ಳಲು ಹೋಗಲಿಲ್ಲ.

ಅವರು ಟೇಬಲ್ಲಿನ ಮೇಲೆ ಕೈ ಸರಿಸುತ್ತಾ ಬಂದು ನನ್ನ ಕೈ ಸಿಕ್ಕಾಗ ನಿಲ್ಲಿಸಿದರು. ಹೆಬ್ಬೆರಳಿನಿಂದ ನನ್ನ ಬೆರಳ ಗಿಣ್ಣುಗಳನ್ನು ಒಂದೊಂದಾಗಿ ಮುಟ್ಟಿ, ಹೀಗಿವೆಯಾ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನಂತರ ಶಾಖೆಗೆ ಫೋನ್ ಮಾಡಿದರು. ಆ ಕಡೆಯವರು ಏನು ಹೇಳಿದರೋ ಕೇಳಿಸಲಿಲ್ಲ. ಇವರು ಮಾತ್ರ, ಹೌದು, ಮನಸ್ಸು ಬದಲಾಯಿಸಿದೆ, ಇಲ್ಲ, ಇನ್ನು ಬದಲಾಗುವುದಿಲ್ಲ ಎಂದರು. ಜಾಗ ಇನ್ನೂ ಖಾಲಿ ಇದೆ, ಆದರೆ ಇಲ್ಲಿಯ ಮ್ಯಾನೇಜರರ ಸಹಿ ಇವತ್ತೇ ಬೇಕಂತೆ.

ನಾನು ನನ್ನ ಒಪ್ಪಿಗೆಯ ಕಾಗದ ಕಳಿಸಿದೆ. ಗಂಟೆ ನಾಲ್ಕೂ ಮುಕ್ಕಾಲು. ಅಮ್ಮಾವ್ರ ಕೋಣೆ ಮೇಲಿನ ಮಹಡಿಯಲ್ಲಿದೆ. ಶಾಖೆಯವರು ಒಬ್ಬರನ್ನು ಕೇಳಿದರೆ ಇಬ್ಬರೂ ಹೊರಟಿರಾ ಎಂದು ಬೈಯುತ್ತಾರೆ ಎಂದು ನಾನು ಹೆದರಿದೆ. ಬೈದು ಸಹಿ ಹಾಕುತ್ತಾರೆ, ನಡೀರಿ ಎಂದು ಮೇಷ್ಟ್ರು ಎದ್ದರು.

ಆ ಹದಿನೆಂಟು ಮೆಟ್ಟಿಲುಗಳಲ್ಲಿ ಅವರು ಯಾರ ಕೈಯನ್ನೂ ಹಿಡಿದದ್ದನ್ನು ನಾನು ನೋಡಿಲ್ಲ. ಎರಡೂ ಕೈ ತುಂಬ ಪುಸ್ತಕದ ಕಟ್ಟು ಹೊತ್ತು ನನಗಿಂತ ಬೇಗ ಇಳಿಯುವವರು ಅವರು. ಮೊದಲ ಮೆಟ್ಟಿಲ ಬಳಿ ನಿಂತು, ನನ್ನ ಮೊಣಕೈ ಎಲ್ಲಿದೆ ಎಂದು ಹುಡುಕಿ ಹಿಡಿದರು.

“ಮೆಟ್ಟಿಲು ನಿಮಗೆ ಗೊತ್ತಲ್ಲ,” ಎಂದೆ.

“ಗೊತ್ತು,” ಎಂದರು.

ಕೈ ಬಿಡಲಿಲ್ಲ.